ಗುಳಗಿಮಣಿದರ್ಪಣ

ಪೀಠಿಕೆ

ಹನ್ನೆರಡನೆಯ ಶತಮಾನದಲ್ಲಿ ಚಾಳುಕ್ಯರ ಅರಸುಮಗ ಕೀರ್ತಿವರ್ಮ ದನಗಳ ಚಿಕಿತ್ಸೆಯ ಮೇಲೆ ಕನ್ನಡದಲ್ಲಿ ‘ಗೋವೈದ್ಯ’ ಬರೆದ. ಅದೇ ಶತಮಾನದ ಜಗದ್ದಳ ಸೋಮನಾಥ ‘ಕರ್ಣಾಟಕ ಕಲ್ಯಾಣಕಾರಕ’ದಲ್ಲಿ ಮನುಷ್ಯರ ರೋಗಗಳನ್ನು ವಿಚಾರಿಸಿಕೊಂಡ. ಹದಿನಾಲ್ಕನೆಯ ಶತಮಾನದ ಮಂಗರಾಜನಂತೂ ಬರೀ ವಿಷಕ್ಕೆಂದೇ ಇಡೀ ‘ಖಗೇಂದ್ರಮಣಿದರ್ಪಣ’ ಹಿಡಿದು ನಿಂತ. ದನಕ್ಕೆ ಶಾಸ್ತ್ರವಾಯಿತು, ಮನುಷ್ಯನಿಗಾಯಿತು, ಹಾವಿಗೂ ಆಯಿತು. ಗುಳಗಿಗೆ ಮಾತ್ರ ಆಗಲಿಲ್ಲ. ಈ ಅನ್ಯಾಯವನ್ನು ಸರಿಪಡಿಸಲು ಸವದತ್ತಿ ಸೀಮೆಯ ಈ ಗ್ರಂಥಕರ್ತ ಯಾರೂ ಕೇಳದಿದ್ದರೂ ಮುಂದೆ ಬಂದಿದ್ದಾನೆ.

ಸೀಮೆ ಎಂದರೆ ಸವದತ್ತಿ, ಮುನವಳ್ಳಿ, ಹೂಲಿ, ಶಿರಸಂಗಿ, ಯಕ್ಕುಂಡಿ, ಯರಗಟ್ಟಿ. ಯರಗಟ್ಟಿ ಈಗ ಬೇರೆ ತಾಲೂಕಾದರೂ ಬಿಟ್ಟಿಲ್ಲ. ಅಲ್ಲಿಯವರ ಮೊಣಕಾಲುಗಳು ಹಳೆಯ ತಾಲೂಕಿನವೇ.

ಯಾವ ರೋಗಕ್ಕೆ ಯಾವ ಮದ್ದೆಂದು ಹೇಳುವವನು ವೈದ್ಯ. ಆ ಮದ್ದನ್ನು ಯಾವ ರೂಪದಲ್ಲಿ ಕಟ್ಟಬೇಕು, ಹೇಗೆ ತಯಾರಿಸಬೇಕು, ಯಾವ ದಾರಿಯಿಂದ ರಕ್ತಕ್ಕೆ ಮುಟ್ಟಿಸಬೇಕು ಎಂಬುದು ನಮ್ಮ ಶಾಸ್ತ್ರ. ಇದನ್ನು ಕ್ರಮವಾಗಿ ಓದಬೇಕೆಂದರೆ ಬೆಳಗಾವಿಗೆ ಹೋಗಬೇಕು. ಕೆ.ಎಲ್.ಇ. ಸಂಸ್ಥೆಯ ಫಾರ್ಮಸಿ ಕಾಲೇಜು 1968ರಿಂದ ಅಲ್ಲಿದೆ. ರಟ್ಟ ಅರಸರು ರಾಜಧಾನಿಯನ್ನು ಸುಗಂಧವರ್ತಿಯಿಂದ ವೇಣುಗ್ರಾಮಕ್ಕೆ, ಅಂದರೆ ನಮ್ಮೂರಿನಿಂದ ಬೆಳಗಾವಿಗೆ, ಒಯ್ದ ಮೇಲೆ ಎಲ್ಲವೂ ಅದೇ ದಾರಿ ಹಿಡಿಯಿತು. ರೋಗಿಗಳು ಇನ್ನೂ ಹೋಗುತ್ತಲೇ ಇದ್ದಾರೆ. ಸವದತ್ತಿಯಲ್ಲಿ ಈ ವಿದ್ಯೆಯನ್ನು ಕಟ್ಟೆಯ ಮೇಲೆ ಕುಳಿತವರೆಲ್ಲ ಓದದೆಯೇ ಬಲ್ಲರು. ಆದ್ದರಿಂದ ಗ್ರಂಥಕ್ಕೆ ಪ್ರಮಾಣಗಳು ಎರಡು: ಕಾಲೇಜು ಮತ್ತು ಕಟ್ಟೆ.

ಸೂತ್ರ ಒಂದೇ: ಮುಟ್ಟಿದ್ದೇ ಮದ್ದು.

ರೂಪ ಪ್ರಕರಣ

ಚರಕನ ಲೆಕ್ಕದಲ್ಲಿ ಕಷಾಯ ಐದು ಬಗೆ. ಹಿಂಡಿದ ರಸ, ಅರೆದ ಮುದ್ದೆ, ಕುದಿಸಿ ಇಳಿಸಿದ್ದು, ರಾತ್ರಿ ತಣ್ಣೀರಲ್ಲಿ ನೆನೆಯಿಟ್ಟದ್ದು, ಬಿಸಿನೀರು ಹೊಯ್ದು ಸೋಸಿದ್ದು. ಮೂರನೆಯದಕ್ಕೆ ಹಾಲು ಸಕ್ಕರೆ ಕೂಡಿದರೆ ಬಸ್‌ಸ್ಟ್ಯಾಂಡಿನ ಚಹಾ.

ಈಗಿನ ಸೀಮೆಯಲ್ಲಿ ರೂಪಗಳು ನಾಲ್ಕು. ಮರ್ಯಾದೆಯ ಏರುಕ್ರಮದಲ್ಲಿ ಗುಳಗಿ, ಎಣ್ಣಿ (ಸೀಸೆಯ ಕುಡಿಯುವ ಮದ್ದು), ಸೂಜಿ, ಸಲಾಯಿನ್. ಮುಲಾಮನ್ನೂ ಕಣ್ಣಿಗೆ ಬಿಡುವ ಹನಿಯನ್ನೂ ಜನ ಔಷಧದಲ್ಲಿ ಎಣಿಸುವುದಿಲ್ಲ, ಅವು ಬರೀ ಉಪಚಾರ. ಗುಳಗಿ ಬರೆದುಕೊಟ್ಟ ಡಾಕ್ಟರ ಸಾಧಾರಣದವನು. ಸೂಜಿ ಮಾಡಿದವನು ಕೈಗುಣದವನು. ಸಲಾಯಿನ್ ಹಚ್ಚಿದವನು ದೇವರಂಥವನು, ಬಿಲ್ಲು ಬರುವ ತನಕ.

ಹಿಂದೆ ಎಣ್ಣಿಗೆ ಬೇರೆಯದೇ ಗೌರವವಿತ್ತು. ದವಾಖಾನಿಗೆ ಮನೆಯಿಂದಲೇ ಸೀಸೆ ಒಯ್ಯಬೇಕು. ಕಂಪೌಂಡರು ದೊಡ್ಡ ಜಾಡಿಯಿಂದ ಗುಲಾಬಿ ಬಣ್ಣದ ಮಿಕ್ಸ್ಚರು ಸುರಿದು, ಸೀಸೆಯ ಮೈಗೆ ಕಚ್ಚು ಕಚ್ಚಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ, ಒಂದು ಕಚ್ಚು ಒಂದು ಹೊತ್ತಿಗೆ ಎನ್ನುತ್ತಿದ್ದ. ಓದು ಬಾರದವರಿಗೂ ಅಳತೆ ತಪ್ಪುತ್ತಿರಲಿಲ್ಲ. ಆಮೇಲೆ ಬಂದ ಯಾವ ಅಳತೆಯ ಮುಚ್ಚಳವೂ ಆ ಕಾಗದದ ಪಟ್ಟಿಗೆ ಸಮನಲ್ಲ ಎಂಬುದು ಗ್ರಂಥಕರ್ತನ ಪಕ್ಷ.

ಇಲ್ಲಿ ಪೂರ್ವಪಕ್ಷ. ಸೀಮೆಯ ಯಾವ ದವಾಖಾನೆಯ ಬಾಗಿಲಲ್ಲಿ ನಿಂತರೂ ಕೇಳುವ, ಮೊಣಕಾಲು ನೋವಿನ ಅಜ್ಜಿಗೂ ಡಾಕ್ಟರಿಗೂ ನಡೆಯುವ ಸಂವಾದವಿದು.

“ಯಪ್ಪಾ, ನನಗ ಗುಳಗಿ ಹತ್ತೂದಿಲ್ಲರಿ. ಒಂದ್ ಸೂಜಿ ಮಾಡಿ ಕಳಸ್ರಿ.”

“ಯವ್ವಾ, ಇಷ್ಟಕ್ಕ ಸೂಜಿ ಯಾಕ? ಗುಳಗಿ ಸಾಕು.”

“ಗುಳಗಿ ಹೊಟ್ಟ್ಯಾಗ ಇರ್ತೈತಿ, ನೋವು ಮೊಣಕಾಲಾಗ ಐತಿ. ಅದು ಅಲ್ಲಿಂದ ಇಲ್ಲಿಗೆ ಯಾವಾಗ ಇಳದು ಬರಬೇಕರಿ?”

ಈ ಪ್ರಶ್ನೆಯನ್ನು ನಗೆಗೆ ಬಿಡಬಾರದು. ಇಡೀ ಶಾಸ್ತ್ರ ಇದಕ್ಕೆ ಉತ್ತರ ಹುಡುಕುತ್ತಲೇ ದೊಡ್ಡದಾಗಿದೆ. ಸದ್ಯಕ್ಕೆ ಇಷ್ಟು ಹೇಳಬಹುದು: ಸೂಜಿಯನ್ನೂ ಸಾಮಾನ್ಯವಾಗಿ ಮೊಣಕಾಲಿಗೆ ಚುಚ್ಚುವುದಿಲ್ಲ, ಸೊಂಟದ ಕೆಳಗೆ ಚುಚ್ಚುತ್ತಾರೆ. ಅಲ್ಲಿಂದಲೂ ಮದ್ದು ರಕ್ತ ಹಿಡಿದೇ ಹೋಗಬೇಕು. ಸೂಜಿಗೆ ಒಳದಾರಿಯ ಒಂದಷ್ಟು ಹಾದಿ ಉಳಿಯುತ್ತದೆ, ಅಷ್ಟೇ.

ಸಲಾಯಿನ್ ವಿಷಯಕ್ಕೆ ಬಂದರೆ, ಅರ್ಧ ಲೀಟರಿನ ಸಾದಾ ಬಾಟಲಿಯಲ್ಲಿ ಇರುವುದು ನೀರು ಮತ್ತು ನಾಲ್ಕೂವರೆ ಗ್ರಾಂ ಉಪ್ಪು. ಗ್ಲುಕೋಸಿನ 5 ಶೇಕಡಾದ ಬಾಟಲಿಯಾದರೆ 25 ಗ್ರಾಂ ಸಕ್ಕರೆ. ಒಂದು ಜೋಳದ ರೊಟ್ಟಿಯ ಬಲ ಅದರಲ್ಲಿಲ್ಲ. ವಾಂತಿಭೇದಿಯಿಂದ ಬಸವಳಿದು ನೀರೂ ನುಂಗಲಾಗದವನಿಗೆ ಅದು ಜೀವ. ನಡೆದುಕೊಂಡು ಬಂದು ‘ಶಕ್ತಿ ಕಡಿಮಿ ಆಗೈತಿ’ ಎಂದು ಮಲಗಿದವನಿಗೆ ಅದು ಉಪ್ಪುನೀರು. ಆದರೂ ಎರಡನೆಯವನು ಎದ್ದು ಕುಳಿತಾಗ ಮುಖದಲ್ಲಿ ಕಳೆ ಬಂದಿರುತ್ತದೆ. ಇದನ್ನು ಶಾಸ್ತ್ರ ಒಪ್ಪಿಕೊಂಡಿದೆ, ವಿವರಿಸಲು ಮಾತ್ರ ಒದ್ದಾಡುತ್ತದೆ.

ಗುಳಗಿಯ ಒಳಭೇದ ಬಣ್ಣದಿಂದ. ಬಿಳಿಯದು ಜ್ವರಕ್ಕೆ ಮತ್ತು ನೋವಿಗೆ, ಕೆಂಪು ರಕ್ತಕ್ಕೆ, ಎರಡು ಬಣ್ಣದ ಕ್ಯಾಪ್ಸೂಲು ದುಬಾರಿ ರೋಗಕ್ಕೆ. ಹಳದಿಯ ಬಿ-ಕಾಂಪ್ಲೆಕ್ಸ್ ನುಂಗಿದವರಿಗೆ ಮೂತ್ರ ಹಳದಿಯಾಗಿ ‘ಉಷ್ಣ ಹೊರಗ ಬಿತ್ತು’ ಎಂಬ ಸಮಾಧಾನವೂ ಉಚಿತ. ಅದು ಹೆಚ್ಚಾದ ರೈಬೋಫ್ಲೇವಿನ್ ಹೊರಹೋಗುವ ಬಣ್ಣ. ಕಲಿತವರು ಈ ವರ್ಗೀಕರಣಕ್ಕೆ ನಗುತ್ತಾರೆ. ಆದರೆ ಸರಕಾರವೇ ಕಬ್ಬಿಣದ ಗುಳಗಿಗಳಿಗೆ ಇದನ್ನು ಹಿಡಿದಿದೆ: ಐದರಿಂದ ಒಂಬತ್ತು ವರ್ಷದ ಮಕ್ಕಳಿಗೆ ಗುಲಾಬಿ, ಹತ್ತರಿಂದ ಹತ್ತೊಂಬತ್ತರವರಿಗೆ ನೀಲಿ, ಗರ್ಭಿಣಿಯರಿಗೆ ಕೆಂಪು. ಕಟ್ಟೆ ಗೆದ್ದಿತು.

ನಿರ್ಮಾಣ ಪ್ರಕರಣ

ಗುಳಗಿಯಲ್ಲಿ ಎಲ್ಲ ಮದ್ದೇ ಇರುತ್ತದೆಂಬುದು ಭ್ರಮೆ. ಥೈರಾಯಿಡ್ ಗುಳಗಿಯಲ್ಲಿ 50 ಮೈಕ್ರೋಗ್ರಾಂ ಮದ್ದು. ಗುಳಗಿಯ ತೂಕ ಸುಮಾರು 100 ಮಿಲಿಗ್ರಾಂ. ಎರಡು ಸಾವಿರ ಪಾಲಿನಲ್ಲಿ ಒಂದು ಪಾಲು ಮದ್ದು, ಉಳಿದದ್ದೆಲ್ಲ ಪರಿವಾರ. ಮದ್ದೊಂದನ್ನೇ ಕೊಟ್ಟರೆ ಬೆರಳಿಗೆ ಅಂಟಿಯೇ ಮುಗಿದುಹೋದೀತು. ಆದ್ದರಿಂದ ಗಾತ್ರಕ್ಕೆ ಹಾಲಿನ ಸಕ್ಕರೆ ಅಥವಾ ಸೆಲ್ಯುಲೋಸ್, ಹಿಡಿದಿಡಲು ಪಿಷ್ಟದ ಗಂಜಿ, ಹೊಟ್ಟೆಯಲ್ಲಿ ನೀರು ಕುಡಿದು ಉಬ್ಬಿ ಗುಳಗಿಯನ್ನು ಸಿಡಿಸಲು ಮತ್ತೆ ಒಣ ಪಿಷ್ಟ, ಯಂತ್ರದ ಅಚ್ಚಿಗೆ ಮೆತ್ತದಿರಲು ಮೆಗ್ನೀಷಿಯಂ ಸ್ಟಿಯರೇಟ್. ಈ ಕೊನೆಯದು ಶೇಕಡಾ ಒಂದರಷ್ಟೂ ಬೇಡ. ಆದರೂ ಹೆಚ್ಚು ಹೊತ್ತು ಕಲಸಿದರೆ ಕಾಳು ಕಾಳಿಗೂ ಜಿಡ್ಡಾಗಿ ಹತ್ತಿ, ನೀರು ಒಳಹೋಗಲು ಬಿಡದೆ ಗುಳಗಿಯನ್ನು ಮೊಂಡು ಮಾಡುತ್ತದೆ. ಮದ್ದು ಅದೇ, ತೂಕ ಅದೇ, ಕಲಸಿದ ನಿಮಿಷಗಳಷ್ಟೇ ಬೇರೆ. ಇಂಥ ಸೂಕ್ಷ್ಮವನ್ನು ನಮ್ಮ ಹೋಳಿಗೆ ಮಾಡುವವರು ಬೇಗ ಹಿಡಿದಾರು, ಕಾಲೇಜಿನವರಿಗೆ ಪರೀಕ್ಷೆ ಬೇಕು.

ಇಲ್ಲಿ ಸೀಮೆಯ ಅಭಿಮಾನಕ್ಕೆ ಕಾರಣವಿದೆ. ಪಿಷ್ಟ ಬರುವುದು ಬಹುಪಾಲು ಗೋವಿನಜೋಳದಿಂದ. ಗೋವಿನಜೋಳ ನಮ್ಮ ಹೊಲಗಳಲ್ಲಿ ಬೆಳೆಯುತ್ತದೆ, ಅದರಿಂದ ಪಿಷ್ಟ ತೆಗೆಯುವ ಕಾರ್ಖಾನೆ ಗೋಕಾಕದಲ್ಲಿದೆ. ಎಣ್ಣಿಯ ತಾಯಿಯಾದ ಸಾದಾ ಸಿರಪ್ಪಿನಲ್ಲಿ ತೂಕದ ಲೆಕ್ಕಕ್ಕೆ ಮೂರರಲ್ಲಿ ಎರಡು ಪಾಲು ಸಕ್ಕರೆ. ಅಷ್ಟು ಸಿಹಿಯಲ್ಲಿ ಹುಳವೂ ಬೂಷ್ಟೂ ಬದುಕುವುದಿಲ್ಲವಾದ್ದರಿಂದ ಅದು ಕೆಡುವುದಿಲ್ಲ. ಸಕ್ಕರೆ ಕಾರ್ಖಾನೆ ಮುನವಳ್ಳಿಯಲ್ಲೇ ಇದೆ. ಸೀಮೆಯ ರೈತ ತಾನು ಬೆಳೆದ ಗೋವಿನಜೋಳವನ್ನೇ ಐದು ರೂಪಾಯಿಗೆ ಒಂದರಂತೆ ಕೊಂಡು ನುಂಗುತ್ತಿದ್ದರೂ ಇರಬಹುದು. ದರದ ಈ ಏರಿಕೆಯ ವಿಚಾರ ಅರ್ಥಶಾಸ್ತ್ರಕ್ಕೆ ಸೇರಿದ್ದು.

ಗುಳಗಿಯನ್ನು ಅಚ್ಚಿನಲ್ಲಿ ಒತ್ತುವ ಹಕ್ಕನ್ನು 1843ರಲ್ಲಿ ಇಂಗ್ಲೆಂಡಿನಲ್ಲಿ ಪಡೆದವನು ವಿಲಿಯಂ ಬ್ರೋಕೆಡನ್. ಅವನು ವೈದ್ಯನಲ್ಲ, ಚಿತ್ರಕಾರ. ಪೆನ್ಸಿಲಿನ ಕಪ್ಪು ಸೀಸದ ಪುಡಿ ವ್ಯರ್ಥವಾಗುತ್ತದೆಂದು ಅದನ್ನು ಒತ್ತಿ ಗಟ್ಟಿ ಮಾಡಲು ಹೊರಟವನ ಕೈಗೆ ಗುಳಗಿ ಸಿಕ್ಕಿತು. ಅದಕ್ಕೆ ಮೊದಲು ಗುಳಗಿ ಎಂದರೆ ಬಹುಪಾಲು ಬೆರಳಲ್ಲಿ ಉಂಡೆ ಕಟ್ಟಿದ್ದೇ.

ಈ ಭಾಗದ ಜನ ಮದ್ದು ತಯಾರಿಕೆಯಲ್ಲಿ ಹಿಂದೆ ಬಿದ್ದವರೆಂದು ಯಾರೂ ತಿಳಿಯಬಾರದು. ಬೆಳಗಾವಿಯ ಟಿಳಕವಾಡಿಯಲ್ಲಿ ಈಗ ಜಾತ್ರೆ, ಪ್ರದರ್ಶನ, ಸಭೆ ನಡೆಯುವ ಬಯಲಿಗೆ ವ್ಯಾಕ್ಸಿನ್ ಡಿಪೋ ಎಂಬ ಹೆಸರು ಬಂದದ್ದು ಅಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿದ್ದುದರಿಂದ. ಕರುವಿನ ಚರ್ಮವನ್ನು ಗೀರಿ, ಅಲ್ಲಿ ಏಳುವ ಗುಳ್ಳೆಗಳ ರಸ ತೆಗೆಯುವುದು ಆ ಲಸಿಕೆಯ ಪದ್ಧತಿ. ಕೀರ್ತಿವರ್ಮ ಇದ್ದಿದ್ದರೆ ಒಂದು ಅಧ್ಯಾಯ ಹೆಚ್ಚಿಸುತ್ತಿದ್ದ.

ಏಳುಕೊಳ್ಳ ಪ್ರಕರಣ

ಎಲ್ಲಮ್ಮನ ಗುಡ್ಡಕ್ಕೆ ಭಾರತ ಹುಣ್ಣಿಮೆಗೆ ಬರುವವರಿಗೆ ಗೊತ್ತು: ಅವಳು ಏಳುಕೊಳ್ಳದ ಎಲ್ಲಮ್ಮ. ಗುಳಗಿಯ ಯಾತ್ರೆಗೂ ಏಳು ಕೊಳ್ಳಗಳುಂಟು. ಉಧೋ ಎಂದು ಹೊರಟವೆಲ್ಲ ಗುಡಿ ಮುಟ್ಟುವುದಿಲ್ಲ.

ಮೊದಲ ಕೊಳ್ಳ ಒಡೆಯುವುದು. ಭಾರತೀಯ ಔಷಧಕೋಶದ ಕಟ್ಟಳೆಯಂತೆ 37 ಡಿಗ್ರಿಯ ನೀರಲ್ಲಿ ಆರು ಗುಳಗಿಗಳನ್ನು ಏಳಿಸಿ ಇಳಿಸಿ ನೋಡುತ್ತಾರೆ. ಹೊದಿಕೆಯಿಲ್ಲದ್ದು 15 ನಿಮಿಷದಲ್ಲಿ, ತೆಳು ಪೊರೆಯದು 30ರಲ್ಲಿ, ಸಕ್ಕರೆ ಹೊದ್ದದ್ದು 60ರಲ್ಲಿ ಪುಡಿಯಾಗಬೇಕು. ಆದರೆ ದಿನವಿಡೀ ನಿಧಾನ ಬಿಡುವ ಸಕ್ಕರೆ ಕಾಯಿಲೆಯ ಮೆಟ್ಫಾರ್ಮಿನ್ ಗುಳಗಿಗೆ ಈ ಕಟ್ಟಳೆ ಹತ್ತದು. ಒಳಗಿನ ಮದ್ದು ಸೋರಿಹೋದ ಮೇಲೂ ಅದರ ಮೆತ್ತನೆಯ ಚಿಪ್ಪು ಕೆಲವೊಮ್ಮೆ ಇಡಿಯಾಗಿ ಮರುದಿನ ಹೊರಬೀಳುತ್ತದೆ. ನೋಡಿದವನು ‘ಗುಳಗಿ ಹಂಗ ಹೊಂಟತಿ, ಡಾಕ್ಟರ ಖೊಟ್ಟಿ ಮಾಲು ಕೊಟ್ಟಾನ’ ಎಂದು ದವಾಖಾನೆಗೆ ಬರುತ್ತಾನೆ. ಹೊರಬಂದದ್ದು ಖಾಲಿ ಚಿಪ್ಪು. ಇಂಥ ಗುಳಗಿಯನ್ನು ಗಂಟಲಲ್ಲಿ ಇಳಿಯದೆಂದು ಕುಟ್ಟಿ ಪುಡಿ ಮಾಡಿದರೆ ಇಡೀ ದಿನದ ಮದ್ದು ಒಮ್ಮೆಲೇ ಬಿಡುಗಡೆಯಾಗುತ್ತದೆ.

ಎರಡನೆಯದು ಕರಗುವುದು. ಒಡೆದದ್ದೆಲ್ಲ ಕರಗುವುದಿಲ್ಲ, ಮರಳೂ ಒಡೆದದ್ದೇ. ಮೂರನೆಯದು ಹೊಟ್ಟೆಯ ಹುಳಿ. ಇನ್ಸುಲಿನ್ ಎಂಬ ಪ್ರೋಟೀನನ್ನು ಹೊಟ್ಟೆ ಬೇಳೆ ಅರಗಿಸಿದ ಹಾಗೆಯೇ ಅರಗಿಸಿಬಿಡುವುದರಿಂದ ಅದಕ್ಕೆ ಬಹುಮಟ್ಟಿಗೆ ಸೂಜಿಯೇ ಗತಿ. ಇಲ್ಲಿ ಅಜ್ಜಿಯ ಪಕ್ಷಕ್ಕೆ ಜಯ. ಹುಳಿತೇಗಿಗೆ ಕೊಡುವ ಪ್ಯಾಂಟೊಪ್ರಜೋಲ್ ತಾನೇ ಹುಳಿಗೆ ಹೆದರುವಂಥದು. ಅದಕ್ಕೆ ಹುಳಿಯಲ್ಲಿ ಕರಗದ, ಕರುಳಲ್ಲಿ ಮಾತ್ರ ಕರಗುವ ಅಂಗಿ ತೊಡಿಸಿ ಕಳಿಸುತ್ತಾರೆ. ಹಲ್ಲಲ್ಲಿ ಕಡಿದು ನುಂಗಿದವನು ಅಂಗಿ ಹರಿದು ಕಳಿಸಿದಂತಾಯಿತು. ನಾಲ್ಕನೆಯದು ಹೊಟ್ಟೆಯ ಕೆಳಬಾಗಿಲು, ಅದು ಊಟದ ಮರ್ಜಿಯಂತೆ ತೆರೆಯುತ್ತದೆ.

ಐದನೆಯ ಕೊಳ್ಳ ಕರುಳಿನ ಗೋಡೆ. ಸಣ್ಣ ಕರುಳಿನ ಉದ್ದ ಸುಮಾರು ಆರು ಮೀಟರು. ಬಹುತೇಕ ಮದ್ದು ರಕ್ತಕ್ಕೆ ಸೇರುವುದು ಇಲ್ಲಿಯೇ. ಇಲ್ಲಿ ಸಂಗ ಮುಖ್ಯ. ಕೆಂಪು ಗುಳಗಿಯನ್ನು ಚಹಾದ ಜೋಡಿ ನುಂಗಿದರೆ ಚಹಾದ ಒಗರು ಕಬ್ಬಿಣವನ್ನು ಹಿಡಿದುಕೊಂಡು ಬಿಡುವುದೇ ಇಲ್ಲ. ಲಿಂಬಿಹಣ್ಣಿನ ರಸದ ಜೋಡಿಯಾದರೆ ಕಬ್ಬಿಣ ಹಗುರಾಗಿ ಒಳಹೋಗುತ್ತದೆ. ಸಿಪ್ರೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯಾಟಿಕ್ಕನ್ನು ಹಾಲಿನ ಜೋಡಿ ನುಂಗಿದರೆ ಹಾಲಿನ ಸುಣ್ಣದಂಶ ಅದಕ್ಕೆ ಗಂಟುಬೀಳುತ್ತದೆ. ಸೀಮೆಯಲ್ಲಿ ಕಬ್ಬಿಣದ ಗುಳಗಿಗೆ ಅನುಪಾನ ಚಹಾ, ‘ಗರಂ’ ಎನ್ನುವ ಅಂಥ ಗುಳಗಿಗೆ ಅನುಪಾನ ಹಾಲು. ಎರಡೂ ತಿರುಗಾಮುರುಗಾ. ಈ ಒಂದು ಸಾಲು ಆಶಾ ಕಾರ್ಯಕರ್ತೆಯರ ಬಾಯಲ್ಲಿ ಮನೆಮನೆಗೆ ಹೋದರೆ ಗ್ರಂಥ ಬರೆದದ್ದು ಸಾರ್ಥಕ. ಅವರು ಈಗಾಗಲೇ ಹೇಳುತ್ತಿದ್ದಾರೆ, ಕೇಳುವವರು ಬೇಕು.

ಆರನೆಯದು ಯಕೃತ್ತು. ಕರುಳಿನಿಂದ ಹೊರಟ ರಕ್ತವೆಲ್ಲ ಮೊದಲು ಇಲ್ಲಿಗೆ ಬಂದು ಸುಂಕ ಕಟ್ಟಬೇಕು. ಪ್ರೊಪ್ರನಾಲಾಲ್ ಎಂಬ ಮದ್ದು ಚೆನ್ನಾಗಿ ಕರಗುತ್ತದೆ, ಕರುಳು ಅದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಆದರೂ ಈ ಸುಂಕದ ಕಟ್ಟೆ ದಾಟಿ ಉಳಿಯುವುದು ಸುಮಾರು ಕಾಲು ಪಾಲು. ಎದೆನೋವಿಗೆ ಕೊಡುವ ಐಸೋಸಾರ್ಬೈಡ್ ಡೈನೈಟ್ರೇಟ್ ಗುಳಗಿಯನ್ನು ನಾಲಗೆಯ ಕೆಳಗೆ ಇಡುವುದು ಈ ಸುಂಕ ತಪ್ಪಿಸಲೆಂದೇ. ಅಲ್ಲಿಂದ ಹೊರಡುವ ರಕ್ತ ಯಕೃತ್ತಿಗೆ ಹೋಗದೆ ನೇರ ಹೃದಯಕ್ಕೆ ಬರುತ್ತದೆ. ನಾಲಗೆಯ ಕೆಳಗಿನದನ್ನು ಗಾಬರಿಯಲ್ಲಿ ನೀರು ಕುಡಿದು ನುಂಗಿದವನು ಕಳ್ಳದಾರಿ ಬಿಟ್ಟು ನಾಕಾದ ಸಾಲಿಗೆ ನಿಂತವನು.

ಏಳನೆಯದು ರಕ್ತ. ಅಜ್ಜಿಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಗುಳಗಿಗೆ ಮೊಣಕಾಲು ಎಲ್ಲಿದೆಯೆಂದು ಗೊತ್ತಿಲ್ಲ. ಅದು ತಲೆಗೂ ಹೋಗುತ್ತದೆ, ಕಿಡ್ನಿಗೂ ಹೋಗುತ್ತದೆ, ನೋವಿಲ್ಲದ ಇನ್ನೊಂದು ಮೊಣಕಾಲಿಗೂ ಹೋಗುತ್ತದೆ. ಹೋದಲ್ಲೆಲ್ಲ ತನ್ನ ಕೆಲಸ ಮಾಡುತ್ತದೆ. ನೋವಿನ ಗುಳಗಿಯನ್ನು ವರ್ಷಗಟ್ಟಲೆ ನುಂಗಿದವರ ಹೊಟ್ಟೆ ಹುಣ್ಣಾಗುವುದೂ ಕಿಡ್ನಿ ಸೋಲುವುದೂ ಇದರಿಂದಲೇ. ಸೂಜಿಯಿಂದ ಹೋದದ್ದೂ ಕೊನೆಗೆ ಇದೇ ಏಳನೆಯ ಕೊಳ್ಳಕ್ಕೆ ಬಂದು ಕೂಡುತ್ತದೆ.

ಭಂಡಾರ ಪ್ರಕರಣ

ಗುಡ್ಡದ ಮೇಲೆ ಹಾರುವ ಅರಿಷಿಣವನ್ನು ಬಿಟ್ಟು ಸವದತ್ತಿಯ ಔಷಧಶಾಸ್ತ್ರ ಬರೆಯುವುದುಂಟೇ? ಹಣೆಗೆ ಭಂಡಾರ, ಗಾಯಕ್ಕೆ ಅರಿಷಿಣ, ಕೆಮ್ಮಿಗೆ ಅರಿಷಿಣದ ಹಾಲು. ಗಾಯ ಮಾಯಿಸುವ ಅರಿಷಿಣದ ಗುಣಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟೇ ಸಿಕ್ಕಿತ್ತು. ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಹಳೆಯ ಗ್ರಂಥಗಳನ್ನು ತೋರಿಸಿ ವಾದಿಸಿದ ಮೇಲೆ 1997ರಲ್ಲಿ ರದ್ದಾಯಿತು.

ಆದರೆ ಹಕ್ಕು ನಮ್ಮದಾದ ಮಾತ್ರಕ್ಕೆ ಅರಿಷಿಣ ರಕ್ತ ಸೇರುವುದಿಲ್ಲ. ಅದರ ಸಾರವಾದ ಕರ್ಕ್ಯುಮಿನ್ ನೀರಲ್ಲಿ ಕರಗದು, ಗೋಡೆ ದಾಟದು, ದಾಟಿದಷ್ಟನ್ನೂ ಕರುಳು ಮತ್ತು ಯಕೃತ್ತು ಸೇರಿ ಮುರಿದುಬಿಡುತ್ತವೆ. ಎರಡನೆಯ, ಐದನೆಯ, ಆರನೆಯ ಕೊಳ್ಳ ಮೂರರಲ್ಲೂ ಬಿದ್ದ ಯಾತ್ರಿಕ ಈ ಗ್ರಂಥದಲ್ಲಿ ಇದೊಂದೇ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಒಂದು ಪ್ರಯೋಗ ಪ್ರಕಟಿಸಿದರು. ಎರಡು ಗ್ರಾಂ ಕರ್ಕ್ಯುಮಿನ್ ಒಂದನ್ನೇ ನುಂಗಿದವರ ರಕ್ತದಲ್ಲಿ ಅದು ಸಿಕ್ಕಲೇ ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೆ ಮೆಣಸಿನ ಕಾಳಿನ ಸಾರವಾದ ಪಿಪೆರಿನ್ 20 ಮಿಲಿಗ್ರಾಂ ಕೂಡಿಸಿದಾಗ ರಕ್ತಕ್ಕೆ ಮುಟ್ಟಿದ ಪ್ರಮಾಣ ಶೇಕಡಾ 2000ದಷ್ಟು ಏರಿತು. ಪಿಪೆರಿನ್ ಮಾಡಿದ್ದು ಮುಖ್ಯವಾಗಿ ಸುಂಕದವರ ಕೈ ಕಟ್ಟಿದ್ದು.

ಕಟ್ಟೆಯವರು ಇದನ್ನು ಕೇಳಿ ‘ನಮ್ಮ ಅಜ್ಜಿ ಹಾಲಿಗೆ ಮೆಣಸು ಹಾಕೂದು ಅದಕ್ಕ’ ಎನ್ನುತ್ತಾರೆ. ಇರಬಹುದು. ಅಜ್ಜಿಯ ಒಂದು ಚಮಚ ಅರಿಷಿಣದಲ್ಲಿ ಕರ್ಕ್ಯುಮಿನ್ ನೂರಕ್ಕೆ ಮೂರರ ಆಸುಪಾಸು. ಪ್ರಯೋಗದ ಎರಡು ಗ್ರಾಂ ಆಗಬೇಕಾದರೆ ಅರವತ್ತು ಗ್ರಾಂ ಮೀರಿ ಅರಿಷಿಣ ಕುಡಿಯಬೇಕು. ಅಷ್ಟು ಭಂಡಾರ ಜೋಗಪ್ಪನ ಚೀಲದಲ್ಲಿ ಇರುತ್ತದೆ, ಹಾಲಿನ ಲೋಟದಲ್ಲಿ ಇರುವುದಿಲ್ಲ. ಇನ್ನೊಂದು ಎಚ್ಚರಿಕೆ: ಸುಂಕದವರ ಕೈ ಕಟ್ಟಿದರೆ ಅರಿಷಿಣವೊಂದೇ ಅಲ್ಲ, ಅದೇ ಹೊತ್ತಿಗೆ ನುಂಗಿದ ಬೇರೆ ಗುಳಗಿಯೂ ಸುಂಕವಿಲ್ಲದೆ ನುಗ್ಗಬಹುದು.

ಚತುರ್ವರ್ಗ ಪ್ರಕರಣ

1995ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಗಾರ್ಡನ್ ಅಮಿಡನ್ ಮತ್ತು ಜೊತೆಗಾರರು ಜಗತ್ತಿನ ಎಲ್ಲ ನುಂಗುವ ಮದ್ದುಗಳನ್ನು ಎರಡೇ ಪ್ರಶ್ನೆಯಿಂದ ನಾಲ್ಕು ಪಾಲು ಮಾಡಿದರು. ಕರಗುತ್ತದೆಯೇ? ಗೋಡೆ ದಾಟುತ್ತದೆಯೇ? ಎರಡೂ ಆದದ್ದು ಮೊದಲ ವರ್ಗ. ಕರಗದೆ ದಾಟುವುದು ಎರಡನೆಯದು, ಐಬುಪ್ರೊಫೆನ್ ಹಾಗೆ. ಕರಗಿಯೂ ದಾಟಲು ತಡವರಿಸುವುದು ಮೂರನೆಯದು, ಮೆಟ್ಫಾರ್ಮಿನ್ ಹಾಗೆ. ಎರಡೂ ಆಗದ್ದು ನಾಲ್ಕನೆಯದು; ಬಾವು ಇಳಿಸುವ ಫ್ಯುರೋಸೆಮೈಡ್ ಮತ್ತು ನಮ್ಮ ಅರಿಷಿಣ.

ಅಮಿಡನ್ ಸವದತ್ತಿಯ ದವಾಖಾನೆ ನೋಡಿದ್ದರೆ ರೋಗಿಗಳಿಗೂ ಇದನ್ನೇ ಹಚ್ಚುತ್ತಿದ್ದ. ತಿಳಿಯುತ್ತದೆಯೇ? ಇಳಿಯುತ್ತದೆಯೇ? ತಿಳಿದೂ ನುಂಗುವವರು ಮೊದಲ ವರ್ಗ: ನಿವೃತ್ತ ಮಾಸ್ತರರು, ವಾರದ ಏಳು ಖಾನೆಯ ಡಬ್ಬಿ ಇಟ್ಟವರು. ಇವರಿಗೂ ಆರನೆಯ ಕೊಳ್ಳ ತಪ್ಪಿದ್ದಲ್ಲ. ಡಾಕ್ಟರ ಹೇಳಿದ್ದು ಬೀಗರ, ನೆರೆಯವರ, ವಾಟ್ಸಾಪಿನವರ ಬಾಯಿ ದಾಟಿ ಬರುವಷ್ಟರಲ್ಲಿ ಕಾಲು ಪಾಲು ಉಳಿದಿರುತ್ತದೆ. ತಿಳಿಯದೆ ನುಂಗುವವರು ಎರಡನೆಯವರು. ಏನು, ಯಾಕೆ ಎಂದು ಕೇಳುವುದಿಲ್ಲ. ಮಗನ ಚೀಟಿಯ ಗುಳಗಿಯನ್ನು ಅಪ್ಪನೂ, ಅಪ್ಪನದನ್ನು ಅಳಿಯನೂ ನುಂಗಿರುತ್ತಾರೆ. ಎರಡನೆಯ ವರ್ಗದ ಮದ್ದಿಗೆ ಕಾರ್ಖಾನೆಯವರು ನುಣ್ಣಗೆ ಅರೆಯುವ ಉಪಾಯ ಕಂಡಿದ್ದಾರೆ, ಈ ರೋಗಿಗಳಿಗೂ ಮಾತನ್ನು ನುಣ್ಣಗೆ ಅರೆದು ಕೊಡಬೇಕು. ಮೂರನೆಯ ವರ್ಗ ಅತಿ ಕಷ್ಟದ್ದು: ಎಲ್ಲ ಓದಿಕೊಂಡವರು, ಅಡ್ಡಪರಿಣಾಮಗಳನ್ನು ಬಾಯಿಪಾಠ ಹೇಳುವವರು, ಆದರೆ ಗುಳಗಿಯನ್ನು ಬಾಯಿಗೆ ಹಾಕದವರು. ನಾಲ್ಕನೆಯ ವರ್ಗದವರು ದವಾಖಾನೆಗೆ ಬರುವುದೇ ಇಲ್ಲವಾದ್ದರಿಂದ ಗ್ರಂಥಕ್ಕೆ ಉದಾಹರಣೆ ದೊರೆತಿಲ್ಲ.

ಮೊಣಕಾಲಿನ ಅಜ್ಜಿ ಯಾವ ವರ್ಗ? ಪ್ರಶ್ನೆ ಕೇಳಿದ್ದರಿಂದ ಅವಳು ರೋಗಿಯ ಸಾಲಿನಿಂದ ಶಾಸ್ತ್ರಕಾರರ ಸಾಲಿಗೆ ಬಂದಿದ್ದಾಳೆ.

ಕಾಲ ಪ್ರಕರಣ

ಶಾರ್ಙ್ಗಧರ ಮದ್ದು ಕೊಡಲು ಐದು ಹೊತ್ತು ಹೇಳಿದ. ಈಗಿನ ಚೀಟಿಯಲ್ಲಿ 1-0-1 ಎಂದಿರುತ್ತದೆ. ಪಾಣಿನಿಗೂ ಒಲಿಯದ ಸಂಕ್ಷೇಪವಿದು. ನಡುವಿನ ಸೊನ್ನೆಯನ್ನು ‘ಮಧ್ಯಾಹ್ನ ಉಪವಾಸ’ ಎಂದು ಓದಿಕೊಂಡವರಿದ್ದಾರೆ.

ಶೇಷ ಪ್ರಕರಣ

ಗುಣವಾದ ಮೇಲೆ ಉಳಿದ ಗುಳಗಿಗಳು ಪ್ರತಿ ಮನೆಯಲ್ಲೂ ಒಂದು ಡಬ್ಬಿಯಲ್ಲಿ ಕೂಡುತ್ತವೆ. ಇವುಗಳಲ್ಲಿ ಹಲವು ಉಳಿಯಬಾರದಿದ್ದ ಆ್ಯಂಟಿಬಯಾಟಿಕ್. ಐದು ದಿನಕ್ಕೆ ಕೊಟ್ಟದ್ದನ್ನು ಎರಡನೆಯ ದಿನ ಜ್ವರ ಬಿಟ್ಟಿತೆಂದು ನಿಲ್ಲಿಸಿದ್ದು. ಡಬ್ಬಿ ದೇವರ ಜಗಲಿಯ ಪಕ್ಕ, ಇಲ್ಲವೆ ಒಲೆಯ ಮೇಲಿನ ಗೂಡಿನಲ್ಲಿ ಇರುತ್ತದೆ. ಎರಡನೆಯದು ಮನೆಯಲ್ಲೇ ಬಿಸಿಯ ಜಾಗ.

ಡಬ್ಬಿಯ ಬಹುಪಾಲು ಗುಳಗಿಗಳಿಗೆ ಹೆಸರಿಲ್ಲ. ಇದಕ್ಕೆ ಕಾರಣ ಔಷಧ ಅಂಗಡಿಯ ಕತ್ತರಿ. ಎರಡು ಗುಳಗಿ ಕೇಳಿದವನಿಗೆ ಅಂಗಡಿಯವರು ಪಟ್ಟಿಯ ಒಂದು ತುದಿ ಕತ್ತರಿಸಿ ಕೊಡುತ್ತಾರೆ. ಬ್ಯಾಚು ನಂಬರು ಮತ್ತು ಅವಧಿ ಮುಗಿಯುವ ತಾರೀಖು ಇರುವ ತುದಿ ತಮ್ಮ ಬಳಿಯೇ ಇರಬೇಕು, ಇಲ್ಲದಿದ್ದರೆ ಉಳಿದದ್ದನ್ನು ಮಾರುವಂತಿಲ್ಲ. ಹಾಗಾಗಿ ಒಂದು ಪಟ್ಟಿಯ ನಾಲ್ಕು ಗಿರಾಕಿಗಳು ಬರೀ ಬಿಳಿ ಗುಳಗಿ ಒಯ್ಯುತ್ತಾರೆ. ಇವನ್ನು ಅಮಿಡನ್ನನ ನಾಲ್ಕರಲ್ಲಿ ಎಲ್ಲೂ ಸೇರಿಸಲಾಗದೆ ಗ್ರಂಥಕರ್ತ ಐದನೆಯ ವರ್ಗ ಮಾಡಿ ಅನಾಮಧೇಯ ಎಂದು ಕರೆದಿದ್ದಾನೆ. ಹೆಸರು, ಬ್ಯಾಚು, ತಾರೀಖು, ಬೆಲೆ, ಕೆಂಪು ಗೆರೆಯ ಎಚ್ಚರಿಕೆ ಇವೆಲ್ಲವೂ ಕೊನೆಯ ಗಿರಾಕಿಗೆ ಸಿಗುತ್ತವೆ, ಎರಡೇ ಎರಡು ಗುಳಗಿಯ ಜೋಡಿ.